ಅಥಣಿಯ ಪಾದರಕ್ಷೆಯೂ ಸಂವಾದವಿಚಾರವೂ

ಒಂದು ಕಾವ್ಯವು ಮತ್ತೊಂದನ್ನು ಹೋಲುವುದಕ್ಕೆ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಸಂವಾದವೆಂದು ಹೆಸರಿಟ್ಟು, ಅದನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಪ್ರತಿಬಿಂಬದಂತೆ ಹೋಲುವುದು ಮೊದಲನೆಯದು. ಚಿತ್ರದಂತೆ ಹೋಲುವುದು ಎರಡನೆಯದು. ದೇಹಿಯು ದೇಹಿಯನ್ನು ಹೋಲುವಂತಿರುವುದು ಮೂರನೆಯದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ. ಎರಡನೆಯದರ ಆತ್ಮವು ತುಚ್ಛ. ಆದುದರಿಂದ ಅವೆರಡೂ ತ್ಯಾಜ್ಯ. ಮೂರನೆಯದು ಸ್ವಂತ ಜೀವವುಳ್ಳುದಾದುದರಿಂದ ಗ್ರಾಹ್ಯ. ಕಾವ್ಯಕ್ಕಾಗಿ ಹುಟ್ಟಿದ ಈ ವಿಚಾರವು ಕೈಗೆಲಸದ ವಸ್ತುವಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ಪರೀಕ್ಷಿಸಲು ಈಚೆಗೆ ಒಂದು ಸಂದರ್ಭವು ಒದಗಿದೆ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಉಡುಪುತೊಡುಪುಗಳ ಸಂಸ್ಥೆಯು ತನ್ನ ಪ್ರದರ್ಶನದಲ್ಲಿ ಕೊಲ್ಲಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಳನ್ನು ತೋರಿಸಿ, ಅವನ್ನು ಬರಿಯ ಚರ್ಮದ ಪಾದರಕ್ಷೆಗಳೆಂದು ಕರೆಯಿತು. ಭಾರತದಲ್ಲಿ ಆಕ್ಷೇಪಣೆಯೆದ್ದ ಬಳಿಕ, ಅವುಗಳಿಗೆ ಭಾರತದ ಪಾದರಕ್ಷೆಗಳೇ ಪ್ರೇರಣೆಯೆಂದು ಒಪ್ಪಿಕೊಂಡಿತು.

ಇಲ್ಲಿ ಪೂರ್ವಪಕ್ಷವು ಹೀಗೆ ಹೇಳಬಹುದು: ಇಟಲಿಯ ಪಾದರಕ್ಷೆಗೆ ತನ್ನದೇ ಆದ ಕೆಲಸಗಾರಿಕೆಯುಂಟು, ಆದುದರಿಂದ ಇದು ಮೂರನೆಯ ಬಗೆಯ ಸಂವಾದ, ಇದರಲ್ಲಿ ದೋಷವಿಲ್ಲ. ಆಕಾರದ ಮಟ್ಟಿಗೆ ಇದನ್ನು ಒಪ್ಪಿದರೂ ದೋಷವು ಉಳಿದೇ ಉಳಿಯುವುದು. ಸಂವಾದಕ್ಕೆ ಎರಡು ಮುಖಗಳು ಬೇಕು. ಕಾಳಿದಾಸನನ್ನು ಬಲ್ಲ ಸಹೃದಯನು ಮುಂದಿನ ಕವಿಯಲ್ಲಿ ಅವನ ಛಾಯೆಯನ್ನು ಗುರುತಿಸಬಲ್ಲನು. ಮಿಲಾನಿನ ಸಭೆಗಾದರೋ ಮೊದಲನೆಯ ಮುಖವನ್ನು ತೋರಿಸಲೇ ಇಲ್ಲ. ವಿಶೇಷಕ್ಕೆ ಸಲ್ಲಬೇಕಾದ ಎಡೆಯಲ್ಲಿ ಸಾಮಾನ್ಯಶಬ್ದವನ್ನಿಟ್ಟುದೇ ಇಲ್ಲಿಯ ದೋಷ.

ಆ ಮೊದಲನೆಯ ಮುಖವು ಯಾರದು? ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಪ್ರಾಂತದ ಸಮಗಾರರು ಜಾಲಿಯ ತೊಗಟೆ ಅಳಲೆಕಾಯಿಗಳಿಂದ ಹದಗೊಳಿಸಿದ ಎಮ್ಮೆಯ ತೊಗಲನ್ನು ಅಟ್ಟೆಯಾಗಿ ಕೊಯ್ದು, ಮೊಳೆಯನ್ನು ಹೊಡೆಯದೆ ತೊಗಲಿನ ಎಳೆಯಿಂದಲೇ ಹೊಲಿಯುವರು. ಮೇಲಿನ ಹೆಣಿಗೆಯು ಹೆಚ್ಚಾಗಿ ಹೆಂಗಸರ ಕೈಕೆಲಸ. ಇದರ ಮೇಲೆ ಮಾಡಿದವರ ಹೆಸರಿರುವುದಿಲ್ಲ. ಸಂತೆಯಲ್ಲಿ ಕೊಳ್ಳುವವನು ಮಾಡಿದವನನ್ನು ಮುಖದಿಂದಲೇ ಬಲ್ಲವನಾದುದರಿಂದ ಹೆಸರಿನ ಅಗತ್ಯ ಬೀಳಲಿಲ್ಲ. ಸಿರಿವಂತ ಸಮಾಜದಲ್ಲಿಯಾದರೋ ಅಂಕಿತವಿಲ್ಲದ ವಸ್ತುವು ಒಡೆಯನಿಲ್ಲದ ವಸ್ತು, ವಿನ್ಯಾಸಕಾರನ ಕೈಗೆ ಬರುವ ಕಚ್ಚಾ ಸಾಮಗ್ರಿ. ಅಲ್ಲಿ ಇದು ವಾದದಿಂದ ಸಾಧಿಸಿದ ಮತವಲ್ಲ. ಯಾರೂ ಪ್ರಶ್ನಿಸದ ಸ್ವತಃಸಿದ್ಧ ನಂಬಿಕೆ. ತಪ್ಪು ತಿಳಿವಳಿಕೆಯ ಬೇರು ಇಲ್ಲಿರುವುದು.

ಶಾಸನವೂ ಇದನ್ನು ನೀಗಲಾರದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಈ ಎಂಟು ಜಿಲ್ಲೆಗಳು ಅದಕ್ಕೆ ಸೇರಿವೆ. ಆದರೆ ಆ ಶಾಸನವು ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಹೆಸರನ್ನೇ ಬಿಟ್ಟವನನ್ನು ಅದು ಹಿಡಿಯುವುದೆಂತು?

ಇಷ್ಟಕ್ಕೆ ನಿಲ್ಲಿಸಿದರೆ ವಿಮರ್ಶೆಯು ಏಕಪಕ್ಷೀಯವಾಗುವುದು. ಕೊಲ್ಲಾಪುರಿ ಎಂಬ ಹೆಸರೂ ಪೇಟೆಯು ಇಟ್ಟ ಹೆಸರೇ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದುದರಿಂದ ಅಲ್ಲಿಗೆ ಆ ಹೆಸರು ಒಂದು ಬಗೆಯಲ್ಲಿ ಸಲ್ಲುವುದು. ಅಥಣಿ ನಿಪ್ಪಾಣಿಗಳ ಕೈಗೆಲಸವಾದರೋ ಅದರ ಮರೆಯಲ್ಲಿ ಅಡಗಿಹೋಗಿದೆ. ಮಿಲಾನಿನ ಮೇಲೆ ಹೊರಿಸಿದ ಆಕ್ಷೇಪಣೆಗಳಲ್ಲಿಯೂ ಎಷ್ಟೋ ಕಡೆ ಕೊಲ್ಲಾಪುರವೊಂದೇ ಕಾಣಬಂದಿತು.

ಕನ್ನಡ ವಿದ್ವತ್ತೂ ಈ ದೋಷಕ್ಕೆ ಹೊರತಲ್ಲ. ಸಮಗಾರ ಹರಳಯ್ಯನೂ ಆತನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ಬಸವಣ್ಣನಿಗೆ ಅರ್ಪಿಸಿದ ಕಥೆಯನ್ನು ಅರಿಯದ ಅಧ್ಯಾಪಕನಿಲ್ಲ. ಪಾಠದಲ್ಲಿ ಆ ಪಾದರಕ್ಷೆಯು ಸಮರ್ಪಣಭಾವದ ಸಂಕೇತವಾಗಿ ಮಾತ್ರ ಉಳಿದಿದೆ. ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗಲಷ್ಟೆ ಲಕ್ಷಣೆಗೆ ಎಡೆಯೆಂಬುದು ಶಾಸ್ತ್ರಮತ. ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯೇ ಇಲ್ಲ: ತೊಗಲು, ರಂಪಿಗೆ, ಅಟ್ಟೆ, ಹೊಲಿಗೆ ಎಲ್ಲವೂ ಕಥೆಯೊಳಗೇ ಇವೆ. ಬಾಧೆಯಿಲ್ಲದೆಯೆ ಅವನ್ನು ದಾಟಿಹೋದುದು, ಅಕ್ಷರದ ಸಿರಿಯುಳ್ಳವರು ಕೈಗೆಲಸವನ್ನು ಇದ್ದೇ ಇರುವುದೆಂದು ಭಾವಿಸಿದುದರ ಫಲ.

2025ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಕರ್ನಾಟಕದ ಲಿಡ್‌ಕರ್, ಮಹಾರಾಷ್ಟ್ರದ ಲಿಡ್‌ಕಾಮ್ ಎಂಬ ಚರ್ಮೋದ್ಯಮ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡು, ಈ ನಾಡುಗಳಲ್ಲಿ 2,000 ಜೊತೆಗಳನ್ನು ಮಾಡಿಸಿ ಜೊತೆಯೊಂದಕ್ಕೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಬೆಲೆಯು ಏರಿದ ಮಾತ್ರಕ್ಕೆ ಮುಖವು ಕಂಡಂತಾಗದು. ಅಥಣಿಯ ಯಾವ ಮನೆಯ ಯಾರ ಹೆಣಿಗೆಯೆಂಬುದು ಕೊಳ್ಳುವವನಿಗೆ ತಿಳಿದಾಗಲೇ ಸಂವಾದವು ಸಂವಾದವಾಗುವುದು.

ವಿದ್ವಾಂಸರು ಮಾಡತಕ್ಕ ಕೆಲಸವೂ ಒಂದುಂಟು. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಊರುಗಳ ಅಧ್ಯಾಪಕರು ಈ ಕಸುಬಿನ ಪದಗಳನ್ನೂ ಕ್ರಮಗಳನ್ನೂ ಸಮಗಾರರ ಮನೆಗಳಲ್ಲಿ ಕೇಳಿ ಬರೆದಿಡುವುದು ಯುಕ್ತ. ಆ ಸಂಗ್ರಹದಲ್ಲಿ ಪ್ರತಿಯೊಂದು ಪದದ ಜೊತೆಗೂ ಅದನ್ನು ಹೇಳಿದವರ ಹೆಸರನ್ನು, ಅವರು ಒಪ್ಪಿದಲ್ಲಿ, ಊರಿನೊಡನೆ ಬರೆಯತಕ್ಕದ್ದು. ಅದನ್ನು ಬಿಟ್ಟರೆ ಮಿಲಾನಿನ ದೋಷವೇ ಇಲ್ಲಿಯೂ ಬಂದಂತಾಯಿತು.