ಮೂತಿ ಎತ್ತಿದ ಟ್ರ್ಯಾಕ್ಟರು

ಕೊಟ್ಟೂರು, ಹಡಗಲಿ ಕಡೆಯ ಗೆಳೆಯರು ಕಳಿಸೋ ರೀಲ್ಸ್‌ನಲ್ಲಿ ಒಂದು ಶಾಟ್ ಖಾಯಂ: ಲೋಡಾದ ಟ್ರೇಲರ್ ಎಳೆಯುತ್ತಾ ಟ್ರ್ಯಾಕ್ಟರು ಮುಂದಿನ ಗಾಲಿ ಎತ್ತುತ್ತೆ, ಹಿನ್ನೆಲೆಗೆ ಡಿಜೆ. ಬೆಂಗಳೂರಲ್ಲಿ ಕೂತ ನಾವು ಹಾರ್ಟ್ ಒತ್ತುತ್ತೀವಿ.

ನನ್ನ ತಕರಾರು ಎಡಿಟಿಂಗ್ ಬಗ್ಗೆ. ರೀಲು ಇದನ್ನ ಬರೀ 'ಪವರ್' ಅಂತ ಮಾರುತ್ತೆ. ಆದರೆ ಹಿಂದಿನ ಟೈರಿಗೆ ಹಿಡಿತ ಇಲ್ಲದಿದ್ದರೆ ಎಂಥ ಎಂಜಿನ್ನಾದರೂ ಗಾಲಿ ಸುಮ್ಮನೆ ತಿರುಗುತ್ತೆ ಅಷ್ಟೇ. ಜೊತೆಗೆ ಭಾರ ಎತ್ತರದಲ್ಲಿರಬೇಕು, ಹಿಂದಿನ ಆಕ್ಸಲ್‌ಗೆ ಹತ್ತಿರವೂ ಇರಬೇಕು. 1965ರಲ್ಲಿ ಡಾಡ್ಜ್ 'ಲಿಟಲ್ ರೆಡ್ ವ್ಯಾಗನ್' ಮೂತಿ ಎತ್ತಿದ್ದು ಎಂಜಿನ್ನನ್ನ ಸೀಟಿನ ಹಿಂದಕ್ಕೆ ಸರಿಸಿದ್ದರಿಂದ. ಇಲ್ಲಿ ಆ ಕೆಲಸ ಟ್ರೇಲರಿನದು: ಕೊಂಡಿಯ ಮೇಲಿನ ಭಾರ ಹಿಂಬದಿಯನ್ನ ಒತ್ತಿ ಮೂತಿ ಹಗುರ ಮಾಡುತ್ತೆ.

ಬಹಳಷ್ಟು ಡ್ರ್ಯಾಗ್ ಕಾರುಗಳಿಗೆ ಮೂತಿ ಅತಿಯಾಗಿ ಏಳದಂತೆ ಹಿಂದೆ ವೀಲಿ ಬಾರ್ ಇರುತ್ತೆ. ಟ್ರ್ಯಾಕ್ಟರಿಗೆ ಅದಿಲ್ಲ. ಗಾಲಿ ಎದ್ದರೆ ಸ್ಟೀರಿಂಗ್ ಇದ್ದೂ ಇಲ್ಲ. ಕೊಂಡಿಯನ್ನ ಆಕ್ಸಲ್‌ಗಿಂತ ಮೇಲೆ ಕಟ್ಟಿದ್ದರಂತೂ ಮಗುಚೋಕೆ ಒಂದೆರಡು ಸೆಕೆಂಡು ಸಾಕು. ಅಷ್ಟರೊಳಗೆ ಕಾಲು ಕ್ಲಚ್ ಒತ್ತಿರಬೇಕು.

ಆ ಕಾಲನ್ನ ರೀಲು ತೋರಿಸೋದೇ ಇಲ್ಲ. ಗಾಲಿ ಇಳಿಯೋ ಮುಂಚೆ ಕಟ್. ಅದನ್ನೇ ನೋಡಿ ನಾಳೆ ಅಪ್ಪನ ಟ್ರ್ಯಾಕ್ಟರು ಹತ್ತೋ ಹುಡುಗನಿಗೆ ಗೊತ್ತಾಗಬೇಕಿದ್ದದ್ದು ಆ ಕತ್ತರಿಸಿದ ಭಾಗ. ಹಾರ್ಟ್ ಒತ್ತಿ ಅದನ್ನ ಅವನವರೆಗೆ ತಲುಪಿಸಿದೋರು ನಾವೇ.