ಹಲಗಲಿಯ ಲಾವಣಿ: ವೀರಗೀತದ ಆಚೆಗೆ

ಧಾರವಾಡ ಸೀಮೆಯ ಯುದ್ಧಲಾವಣಿಗಳನ್ನು ಕೇವಲ ವೀರರಸದ ಹಾಡುಗಳೆಂದು ಪರಿಗಣಿಸುವ ರೂಢಿ ಕನ್ನಡ ವಿಮರ್ಶೆಯಲ್ಲಿದೆ. ಅಂದಿನ ಧಾರವಾಡ ಜಿಲ್ಲೆಯ, ಇಂದು ಗದಗ ಜಿಲ್ಲೆಗೆ ಸೇರಿರುವ ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಹಲಗಲಿ ಬೇಡರ ಲಾವಣಿಯು ಈ ಗ್ರಹಿಕೆಯ ಮರುಪರಿಶೀಲನೆಯನ್ನು ಬಯಸುತ್ತದೆ.

1857ರ ನಿಶ್ಶಸ್ತ್ರೀಕರಣ ಕಾನೂನಿನಂತೆ ಆಯುಧಗಳನ್ನು ಒಪ್ಪಿಸಲು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿರಾಕರಿಸಿದರು. ಬೇಟೆಯ ಕುಲದ ಅವರಿಗೆ ಆಯುಧವೆಂದರೆ ಬದುಕಿನ ಆಧಾರವೂ ಆಗಿತ್ತು. ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು.

ಜಡಗ, ಬಾಲ, ಹನುಮ, ರಾಮರ ಶೌರ್ಯವನ್ನು ಬಣ್ಣಿಸುವ ಲಾವಣಿಕಾರನು ಲೂಟಿಯಾದ ವಸ್ತುಗಳನ್ನೂ ಒಂದೊಂದಾಗಿ ಎಣಿಸುತ್ತಾನೆ: ಉಪ್ಪು, ಅರಿಸಿನ, ಬೆಲ್ಲ, ಬೀಸುಕಲ್ಲು. ಲಾವಣಿಯ ಅಂತಃಸತ್ವವಿರುವುದು ಈ ಪಟ್ಟಿಯಲ್ಲಿ. ಇಲ್ಲಿ ಕಾದಿದವನು ಸಂಬಳದ ಸಿಪಾಯಿಯಲ್ಲ, ಮನೆಮಠವುಳ್ಳ ಊರವನು. ಅವನ ಸೋಲು ಮೊದಲು ತಟ್ಟುವುದು ಅಡುಗೆಮನೆಗೆ.

ಆದ್ದರಿಂದ ಈ ಹಾಡನ್ನು ಹೋರಾಟಗಾರರನ್ನು ಹುರಿದುಂಬಿಸುವ ರಣಗೀತವೆನ್ನಲಾಗದು. ದಂಡು ಹಿಂದಿರುಗಿದ ಮೇಲೆ ಸತ್ತವರ ಪರವಾಗಿ ನುಡಿದ ಸಾಕ್ಷಿ ಇದು. ಡಪ್ಪು, ತುಂತುಣಿಗಳೊಡನೆ ಹಿಮ್ಮೇಳವು ಪಲ್ಲವಿಯನ್ನು ಎತ್ತಿಕೊಂಡಾಗ ಒಬ್ಬನ ವರದಿ ಸಮೂಹದ ಮಾತಾಗುತ್ತದೆ.

ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಇಂಥ ಕನ್ನಡ ಲಾವಣಿಗಳನ್ನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಆಳುವವರು ದಂಗೆಯೆಂದು ಕರೆದುದು ಹೀಗೆ ಅವರದೇ ಅಧಿಕಾರಿಗಳ ಸಂಗ್ರಹದಲ್ಲಿ ಜನರ ಅಳಲಾಗಿ ಉಳಿಯಿತು. ಆದರೆ ಅಚ್ಚಿನ ಪುಟದಲ್ಲಿ ಮಟ್ಟು ಮೌನವಾಗಿದೆ. ಪಠ್ಯದೊಡನೆ ಮಟ್ಟನ್ನೂ ಆಲಿಸುವ ವಿಮರ್ಶೆಗೆ ಮಾತ್ರ ಈ ಲಾವಣಿಯ ಶೌರ್ಯದ ಒಳಗಿನ ಶೋಕ ದಕ್ಕಬಲ್ಲದು.