ನಿಂತವರ ಪಾದರಕ್ಷೆ

ಚಪ್ಪಲಿ, ಮೆಟ್ಟು, ಕೆರ, ಜೋಡು ಎಂದು ಕಾಲಿಗೆ ಹಾಕುವ ವಸ್ತುವಿಗೆ ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ. ಇವೆಲ್ಲದರ ನಡುವೆ ಪಾದರಕ್ಷೆ ಎಂಬುದೊಂದು ತನ್ನ ಕೆಲಸವನ್ನೂ ಹೇಳಿಕೊಳ್ಳುವ ಹೆಸರು. ಹೇಳಿಕೊಂಡ ಮೇಲೆ ಅದಕ್ಕೆ ಉತ್ತರವನ್ನೂ ಕೊಡಬೇಕಾಗುತ್ತದೆ. ಯಾವುದರಿಂದ ರಕ್ಷಣೆ, ಎಷ್ಟು ಹೊತ್ತು? ಮುಳ್ಳು, ಕಲ್ಲು, ಬಿಸಿಲಿನಿಂದ ಕಾಯುವುದು ನಡೆಯುವವರ ಪಾದರಕ್ಷೆ. ಸೀರೆ ಅಂಗಡಿಯ ಕೌಂಟರಿನ ಹಿಂದೆ, ಆಸ್ಪತ್ರೆಯ ವಾರ್ಡಿನಲ್ಲಿ, ಹೋಟೆಲಿನ ರಿಸೆಪ್ಷನ್ನಿನಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ನಿಲ್ಲುವ ಹೆಂಗಸಿಗೆ ಮುಳ್ಳೂ ಇಲ್ಲ, ಬಿಸಿಲೂ ಇಲ್ಲ. ಆಕೆಯ ಪಾದವನ್ನು ಕಾಡುವುದು ಗಟ್ಟಿ ಗ್ರಾನೈಟ್ ನೆಲ ಮತ್ತು ಆಕೆಯದೇ ಮೈಭಾರ. ಇವೆರಡರಿಂದ ಕಾಯುವ ಪಾದರಕ್ಷೆ ಯಾವುದು?

ಕೆಲಸದ ಜಾಗಗಳು ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, ಸಮವಸ್ತ್ರಕ್ಕೆ ಒಪ್ಪುವ, ಬೆರಳು ಮುಚ್ಚುವ, ಹೀಲ್ಸ್ ಇಲ್ಲದ ಕಪ್ಪು ಶೂ. ಅಂಗಡಿಯಲ್ಲಿ ಇದಕ್ಕೆ ‘ಬೆಲ್ಲಿ’ ಎನ್ನುತ್ತಾರೆ. ಹೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ. ಬ್ಯಾಲೆ ಎಂಬ ಮಾತು ಬಾಯಿಂದ ಬಾಯಿಗೆ ಸವೆದು ಹೀಗಾಗಿರಬೇಕು. ಮೂಲತಃ ಇದು ನರ್ತಕಿಯರ ಜೋಡು. 1940ರ ದಶಕದಲ್ಲಿ ಅಮೆರಿಕದ ವಸ್ತ್ರವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ಅದಕ್ಕೊಂದು ಗಟ್ಟಿ ಅಟ್ಟೆ ಹಾಕಿಸಿ ಬೀದಿಗೆ ತಂದಳು. 1956ರಲ್ಲಿ ಪ್ಯಾರಿಸಿನ ರೋಸ್ ರೆಪೆಟ್ಟೊ, ನಟಿ ಬ್ರಿಜಿತ್ ಬಾರ್ದೊಗಾಗಿ ಕೆಂಪು ಬಣ್ಣದ ಒಂದು ಜೊತೆ ಮಾಡಿಕೊಟ್ಟ ಮೇಲೆ ಅದು ಲೋಕಪ್ರಸಿದ್ಧವಾಯಿತು. ಕುಣಿಯುವವಳಿಗೆ ನೆಲದ ಸ್ಪರ್ಶ ಬೇಕು, ಪಾದ ಬಳುಕಬೇಕು. ಆದ್ದರಿಂದ ತೆಳುವಾದ ಅಟ್ಟೆ, ಮೆತ್ತನೆಯ ಮೈ. ಅಲುಗಾಡದೆ ನಿಲ್ಲುವವಳಿಗೆ ಬೇಕಾದದ್ದು ಸರಿಯಾಗಿ ಇದರ ವಿರುದ್ಧದ್ದು. ಆದರೂ ನಾವು ಆ ರೂಪವನ್ನೇ ತಂದು ಈಕೆಯ ಕಾಲಿಗೆ ತೊಡಿಸಿದ್ದೇವೆ.

ಇದಕ್ಕೆ ಕಾರಣ, ಹೀಲ್ಸ್ ಇಲ್ಲದ್ದೆಲ್ಲ ಹಿತ ಎಂಬ ನಮ್ಮ ನಂಬಿಕೆ. ಹೀಲ್ಸಿನ ವಿರುದ್ಧದ ಜಗಳ ನ್ಯಾಯವಾದದ್ದೇ. 2015ರಲ್ಲಿ ಲಂಡನ್ನಿನ ಕಚೇರಿಯೊಂದರಲ್ಲಿ ಹೀಲ್ಸ್ ಹಾಕಲು ಒಪ್ಪದ ನಿಕೋಲಾ ಥಾರ್ಪ್ ಎಂಬ ರಿಸೆಪ್ಷನಿಸ್ಟಳನ್ನು ಮನೆಗೆ ಕಳುಹಿಸಿದರು. ಮುಂದೆ ಆಕೆ ಸಲ್ಲಿಸಿದ ಮನವಿಗೆ ಒಂದೂವರೆ ಲಕ್ಷ ಮಂದಿ ಸಹಿ ಹಾಕಿದರು. 2017ರಲ್ಲಿ ಪಾರ್ಲಿಮೆಂಟಿನಲ್ಲೂ ಚರ್ಚೆಯಾಯಿತು. ಆದರೆ ಹೀಲ್ಸನ್ನು ಇಳಿಸಿದ ಮಾತ್ರಕ್ಕೆ ಕಾಲಿಗೆ ಆಸರೆ ಸಿಗುವುದಿಲ್ಲ. ಬೆಲ್ಲಿಯ ಒಳಗೆ ಪಾದದ ಕಮಾನಿಗೆ ಆಧಾರವಿಲ್ಲ, ಹಿಮ್ಮಡಿಯನ್ನು ಹಿಡಿಯುವ ಗಟ್ಟಿ ಗೋಡೆಯಿಲ್ಲ. ಮೇಲ್ಭಾಗ ತೆರೆದಿರುವುದರಿಂದ ಜೋಡು ಕಳಚದಂತೆ ಬೆರಳುಗಳೇ ಮಡಚಿಕೊಂಡು ಹಿಡಿದಿರಬೇಕು. ಅಂದರೆ ಜೋಡು ಕಾಲನ್ನು ಕಾಯುವ ಬದಲು ಕಾಲೇ ಜೋಡನ್ನು ಕಾಯುತ್ತಿರುತ್ತದೆ.

ನಿಲ್ಲುವುದು ನಡೆಯುವುದಕ್ಕಿಂತ ಸುಲಭ ಎಂದು ಕೂತವರು ತಿಳಿದಿರುತ್ತಾರೆ. ನಡೆಯುವಾಗ ಮೀನಖಂಡ ಬಿಗಿದು ಸಡಿಲವಾಗುತ್ತಾ ಕಾಲಿನ ರಕ್ತವನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ಆ ಪಂಪು ಕೆಲಸ ಮಾಡುವುದಿಲ್ಲ. ರಕ್ತ ಕೆಳಗೇ ಉಳಿಯುತ್ತದೆ, ಸಂಜೆಗೆ ಪಾದ ಊದುತ್ತದೆ, ಬೆಳಿಗ್ಗೆ ಸರಿಯಾಗಿದ್ದ ಜೋಡು ಕಚ್ಚತೊಡಗುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ನರಗಳು ನೀಲಿಗಟ್ಟಿ ಉಬ್ಬುತ್ತವೆ. ಇನ್ನು ಕೆಲವರಿಗೆ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಸೂಜಿ ಚುಚ್ಚಿದಂತಾಗುತ್ತದೆ.

ಜವಳಿ ಅಂಗಡಿಗಳಲ್ಲಿ ಕೌಂಟರಿನ ಆಚೆ ಬಗ್ಗಿ ನೋಡಿದಾಗಲೆಲ್ಲ ನಾನು ಕಂಡದ್ದು ಒಂದೇ ಚಿತ್ರ. ಬೆಲ್ಲಿಗಳು ಪಕ್ಕದಲ್ಲಿ ಬಿದ್ದಿರುತ್ತವೆ, ಹುಡುಗಿಯರು ಬರಿಗಾಲಿನಲ್ಲಿ ನಿಂತಿರುತ್ತಾರೆ. ಸೂಪರ್‌ವೈಸರ್ ಬಂದರೆ ಪಾದಗಳು ತಡಕಾಡಿ ಒಳಗೆ ಸೇರಿಕೊಳ್ಳುತ್ತವೆ. ಆ ಜೋಡಿನ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಬರೆಯಲಾರೆ.

ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ? ಅಂಗಡಿಯವನ ಮಾತಿಗಿಂತ ನಮ್ಮ ಕೈಗಳನ್ನು ನಂಬುವುದು ವಾಸಿ. ಜೋಡಿನ ಎರಡು ತುದಿ ಹಿಡಿದು ಬಗ್ಗಿಸಬೇಕು. ಬೆರಳುಗಳ ಬುಡ ಬರುವ ಕಡೆ ಮಾತ್ರ ಬಗ್ಗಿದರೆ ಸರಿ. ನಟ್ಟನಡುವೆ ಮಡಚಿಕೊಂಡರೆ ಅದರಲ್ಲಿ ಬೆನ್ನೆಲುಬಿಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದಾಗ ಸುಲಭವಾಗಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಹಿಂಭಾಗ ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ಪೂರ್ತಿ ಚಪ್ಪಟೆಗಿಂತ ಹಿಮ್ಮಡಿ ಎರಡು ಸೆಂಟಿಮೀಟರಿನಷ್ಟು ಎತ್ತರವಿದ್ದರೆ ಹಲವರಿಗೆ ಹಿತ. ಪಾದದ ಮೇಲೊಂದು ಪಟ್ಟಿ ಇದ್ದರೆ ಬೆರಳುಗಳಿಗೆ ಬಿಡುವು. ಒಳಗಿನ ಮೆತ್ತೆ ಹೊರತೆಗೆಯಲು ಬರುವಂತಿದ್ದರೆ ಬೇಕಾದದ್ದನ್ನು ಹಾಕಿಕೊಳ್ಳಬಹುದು. ಬೆಲ್ಲಿಯಲ್ಲಿ ಅದಕ್ಕೆ ಆಳವೇ ಇಲ್ಲ, ಮೆತ್ತೆ ಹಾಕಿದರೆ ಹಿಮ್ಮಡಿ ಹೊರಗೆ ಬರುತ್ತದೆ. ಕೊಳ್ಳಲು ಹೋಗಬೇಕಾದದ್ದು ಸಂಜೆ, ಪಾದ ಊದಿರುವ ಹೊತ್ತಿನಲ್ಲಿ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದುಕೊಂಡು ಹೋಗಿ, ಅದರ ಮೇಲೆ ಜೋಡನ್ನಿಟ್ಟು ನೋಡಿದರೆ ಬೆರಳುಗಳಿಗೆ ಎಷ್ಟು ಅನ್ಯಾಯವಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆ ಅನ್ಯಾಯಕ್ಕೆ ಅಳತೆಯ ಲೆಕ್ಕವೂ ಇದೆ. ನಮ್ಮ ಅಂಗಡಿಗಳ ನಂಬರು ಇಂಗ್ಲೆಂಡಿನದು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆಯಿತು. ಭಾರತೀಯರ ಪಾದ ಐರೋಪ್ಯರ ಪಾದಕ್ಕಿಂತ ಅಗಲ ಎಂಬುದು ಕಂಡುಬಂದು, ‘ಭಾ’ ಎಂಬ ನಮ್ಮದೇ ಅಳತೆಯ ಕ್ರಮವೊಂದನ್ನು ಸೂಚಿಸಲಾಯಿತು. ಅಗಲ ಸಾಲದೆ ಉದ್ದದ ನಂಬರು ಕೊಳ್ಳುವುದು, ಅದು ಕಳಚುತ್ತದೆಂದು ಮುಂದೆ ಹತ್ತಿ ತುರುಕುವುದು ನಮ್ಮ ಮನೆಗಳಲ್ಲಿ ಹಳೆಯ ಅಭ್ಯಾಸ. ತಪ್ಪು ನಮ್ಮ ಕಾಲಿನದಲ್ಲ ಎಂದು ಈಗಲಾದರೂ ಧೈರ್ಯವಾಗಿ ಹೇಳಬಹುದು.

ಇನ್ನೊಂದು ವಿಚಿತ್ರವಿದೆ. ಹಿತವಾದ ಪಾದರಕ್ಷೆ ಮಾಡುವುದು ನಮಗೆ ತಿಳಿಯದ ವಿದ್ಯೆಯಲ್ಲ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವ ಎಂಸಿಆರ್ ಚಪ್ಪಲಿಯ ಮೆತ್ತನೆಯ ರಬ್ಬರು ಎಲ್ಲ ಊರುಗಳಿಗೂ ಪರಿಚಿತ. ಆದರೆ ಅದನ್ನು ಹಾಕಿಕೊಂಡು ಕೌಂಟರಿಗೆ ಬಂದರೆ ಅಂಗಡಿಯ ಅಂದ ಕೆಡುತ್ತದಂತೆ. ರೋಗಿಗೆ ಹಿತ, ಕೆಲಸದವಳಿಗೆ ಅಂದ ಎಂದು ನಾವು ಪಾಲು ಮಾಡಿಟ್ಟಿದ್ದೇವೆ. ಆ ಅಂದದ ಖರ್ಚನ್ನೂ ಎಷ್ಟೋ ಕಡೆ ಆಕೆಯೇ ತನ್ನ ಸಂಬಳದಲ್ಲಿ ಭರಿಸಬೇಕು. ಆಗ ಆಕೆಯ ಕೈಗೆಟಕುವುದು ಕೆಲವೇ ತಿಂಗಳಲ್ಲಿ ಅಟ್ಟೆ ಚಪ್ಪಟೆಯಾಗುವ ಅಗ್ಗದ ಜೋಡು. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಬೆವರು ಆರುತ್ತದೆ, ಬಾಳಿಕೆಯೂ ಹೆಚ್ಚು ಎಂಬ ಉಪದೇಶವನ್ನು ಆಕೆಗೆ ಹೇಳಲು ಬಾಯಿ ಬರುವುದಿಲ್ಲ.

ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳನ್ನು ಬಲ್ಲವರಿಗೆ ಬೇರೊಂದು ವ್ಯವಸ್ಥೆ ನೆನಪಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಕೊಳ್ಳುವವರೂ ಕೂರುವರು, ಮಾರುವವರೂ ಕೂರುವರು. ಕೂತು ಮಾರಿದ್ದರಿಂದ ರೇಷ್ಮೆಯ ಬೆಲೆ ಇಳಿಯಲಿಲ್ಲ, ಗಿರಾಕಿಗೆ ಅವಮಾನವೂ ಆಗಲಿಲ್ಲ. ದೊಡ್ಡ ಮಳಿಗೆಗಳು ಬಂದು ಗಾದಿ ಹೋಗಿ ಕೌಂಟರು ಬಂದಾಗ, ನಿಂತಿರುವುದೇ ಮರ್ಯಾದೆ ಎಂಬ ಹೊಸ ಶಾಸ್ತ್ರ ಹುಟ್ಟಿತು.

ಈ ಶಾಸ್ತ್ರವನ್ನು ಪ್ರಶ್ನಿಸಿದವರು ಕೋಳಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು. ಪಿ. ವಿಜಿ ಕಟ್ಟಿದ ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿತು. ಕಾರ್ಖಾನೆಯಲ್ಲಿ ನಿಂತು ದುಡಿಯುವವರಿಗೆ ಅವಕಾಶ ಸಿಕ್ಕಾಗ ಕೂರಲು ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಸೆಕ್ಷನ್ ಹೇಳಿತ್ತು. ಅಷ್ಟೇ ಮಾತನ್ನು ಅಂಗಡಿಯ ಹೆಣ್ಣುಮಕ್ಕಳಿಗೂ ಅನ್ವಯಿಸಲು ಕೇರಳಕ್ಕೆ 2018 ಬರಬೇಕಾಯಿತು, ತಮಿಳುನಾಡಿಗೆ 2021.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಬೆಲ್ಲಿ ನಿಲ್ಲುವವರ ಜೋಡಲ್ಲ. ಅದನ್ನು ಸಮವಸ್ತ್ರ ಮಾಡಬಾರದು. ಪಟ್ಟಿ, ಆಳ, ಅಗಲ, ಗಟ್ಟಿ ಹಿಮ್ಮಡಿ ಇರುವ ಸಾದಾ ಜೋಡನ್ನು ಅಂದಗೇಡಿ ಎನ್ನುವ ಕಣ್ಣು ತಿದ್ದಿಕೊಳ್ಳಬೇಕು. ಸಮವಸ್ತ್ರ ಕೇಳುವ ಮಾಲೀಕನೇ ಅದನ್ನು ಕೊಡಿಸಬೇಕು. ಆದರೆ ಎಂಥ ಒಳ್ಳೆಯ ಜೋಡಾದರೂ ಸ್ಟೂಲಿನ ಕೆಲಸ ಮಾಡಲಾರದು. ಹತ್ತು ಗಂಟೆ ನಿಂತ ಕಾಲಿಗೆ ಮೆತ್ತನೆಯ ಅಟ್ಟೆ ಕೊಟ್ಟು ಕೈತೊಳೆದುಕೊಂಡರೆ, ಆ ಅಟ್ಟೆ ರಕ್ಷಿಸುವುದು ಮಾಲೀಕನ ಮನಸ್ಸಾಕ್ಷಿಯನ್ನೇ ಹೊರತು ಆಕೆಯ ಪಾದವನ್ನಲ್ಲ.